ಹೆಸರಿನ ಕೆಳಗಿನ ಎರಡು ಸಾಲು

ನಾನು ಎರಡು ಸಾಲಿನ ಒಂದು ವಾಕ್ಯ. ರೆಸ್ಯೂಮಿನಲ್ಲಿ ಹೆಸರಿನ ಕೆಳಗೆ ಬರುವ ಕರಿಯರ್ ಆಬ್ಜೆಕ್ಟಿವ್ ನಾನೇ. ಹುಟ್ಟಿದ್ದು ಗದಗಿನ ಒಂದು ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ. ಅಂಗಡಿಯ ಮಾಲೀಕ ಚನ್ನವೀರ ಯಾವುದೋ ಪುಸ್ತಕ ನೋಡಿ, ಒಂದೊಂದೇ ಅಕ್ಷರ ಒತ್ತಿ, ನನ್ನನ್ನು ಇಂಗ್ಲಿಷಿನಲ್ಲಿ ಮೂಡಿಸಿದ. ಕನ್ನಡದಲ್ಲಿ ಹೇಳಿದರೆ ನಾನು ಇಷ್ಟೇ: ಸವಾಲಿನ ವಾತಾವರಣದಲ್ಲಿ ದುಡಿದು, ಸಂಸ್ಥೆಯೊಂದಿಗೆ ನಾನೂ ಬೆಳೆಯಬೇಕು. ನನ್ನನ್ನು ಓದಿ ನೋಡಿದ ಚನ್ನವೀರ ತನ್ನ ಬೆನ್ನು ತಾನೇ ತಟ್ಟಿಕೊಂಡ. ನನಗೂ ಆಗ ಜಂಬವಿತ್ತು.

ಜಂಬ ಇಳಿಯಲು ಬಹಳ ದಿನ ಬೇಕಾಗಲಿಲ್ಲ. ಯಾರು ಬಂದರೂ ಚನ್ನವೀರ ಹಿಂದಿನವರ ರೆಸ್ಯೂಮನ್ನೇ ತೆರೆಯುತ್ತಿದ್ದ. ಮೇಲಿನ ಹೆಸರು ಅಳಿಸುತ್ತಿದ್ದ, ಕೆಳಗಿನ ಓದು, ವಿಳಾಸ ಅಳಿಸುತ್ತಿದ್ದ. ನಡುವೆ ನಾನು ಮಾತ್ರ ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ಅಲ್ಲೇ. ಡ್ರೈವರಿಗೂ ನಾನೇ, ನರ್ಸಿಗೂ ನಾನೇ, ಬಟ್ಟೆ ಅಂಗಡಿಯ ಸೇಲ್ಸ್‌ಮನ್ನಿಗೂ ನಾನೇ. ನನ್ನನ್ನು ಹೊತ್ತೊಯ್ದವರು ಒಬ್ಬರೂ ನನ್ನನ್ನು ಓದಲಿಲ್ಲ. ಹನ್ನೊಂದು ವರ್ಷ ಹೀಗೆ ಸಿಕ್ಕಿಬಿದ್ದಿದ್ದೆ. ಯಾರಾದರೂ ಒಮ್ಮೆ ಅಳಿಸಿಬಿಡಬಾರದೇ ಎಂದು ಹಂಬಲಿಸುತ್ತಿದ್ದೆ.

ಒಂದು ಶನಿವಾರ ದಾಕ್ಷಾಯಿಣಿ ಬಂದಳು. ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ, ನಲವತ್ತರ ಹತ್ತಿರದ ಹೆಂಗಸು. ಶಾಲೆಯ ಅಡುಗೆಯನ್ನು ಹೊರಗಿನವರಿಗೆ ವಹಿಸಿದ್ದರಿಂದ ಅವಳ ಕೆಲಸ ಹೋಗಿತ್ತು. ಹಿಂದಿನ ವಾರ ನನ್ನನ್ನು ಹೊತ್ತುಕೊಂಡು ಹೋಗಿ ಒಂದು ಸಂದರ್ಶನದಲ್ಲಿ ಸೋತು ಬಂದಿದ್ದಳು. ಸೋಮವಾರ ಇನ್ನೊಂದಿತ್ತು, ನರ್ಸಿಂಗ್ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಅಡುಗೆಮನೆ ನೋಡಿಕೊಳ್ಳುವ ಕೆಲಸಕ್ಕೆ. ಇದೂ ಕೈತಪ್ಪಿದರೆ ಅವಳಿಗೆ ಬೇರೆ ದಾರಿಯಿರಲಿಲ್ಲ.

"ಅಣ್ಣಾರ, ಇದರಾಗ ಏನ್ ಬರದೀರಿ? 'ಯಾವ ಸವಾಲವ್ವಾ?' ಅಂತ ಸಾಹೇಬ್ರು ಕೇಳಿದ್ರ ನನ್ನ ಬಾಯಾಗ ಮಾತ ಬರಲಿಲ್ಲ. ನನ್ನ ಮುಂದಿನ ಆರೂ ಮಂದಿ ಕಾಗದದಾಗ ಇದ ಇತ್ತಂತ. ತಗೀರಿ ಇದನ್ನ."

"ಅದಿಲ್ಲಂದ್ರ ರೆಸ್ಯೂಮ್ ಬೋಳು ಕಾಣ್ತೈತ್ರಿ, ಅಕ್ಕಾರ," ಎಂದ ಚನ್ನವೀರ.

"ಹಂಗಾರ ನಾ ಹೇಳಿದ್ದು ಹಾಕ್ರಿ. ಹನ್ನೆರಡು ವರ್ಷ, ದಿನಾ ಇನ್ನೂರಾ ನಲವತ್ತು ಹುಡುಗರಿಗೆ ಅಡಗಿ ಮಾಡೀನಿ. ಒಂದಿನಾನೂ ಊಟ ತಡ ಆಗಿಲ್ಲ. ನಿಮ್ಮ ಹಾಸ್ಟೆಲ್ಲಿನ ಅಡಗಿಮನೀನೂ ಹಂಗ ನಡಸಬೇಕಂತ ಆಸೆ ಐತಿ."

ಚನ್ನವೀರ ಗೊಣಗುತ್ತಲೇ ಅದನ್ನು ಇಂಗ್ಲಿಷಿಗೆ ತಂದ. ಅವಳ ಹಾಳೆಯಿಂದ ನನ್ನನ್ನು ಅಳಿಸಿದ. ಆಗ ನನಗಾದ ನಿರಾಳ ಹೇಳತೀರದು. ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ತಾನು ಯಾರ ಮಾತು, ಎಲ್ಲಿಗೆ ಹೊರಟಿದ್ದೇನೆ ಎಂಬುದು ಅವಳ ಆ ಹೊಸ ವಾಕ್ಯಕ್ಕೆ ಗೊತ್ತಿತ್ತು.

ಕೆಲಸ ಸಿಕ್ಕಿತು. ದಾಕ್ಷಾಯಿಣಿ ಮನೆಯಲ್ಲೇ ಕಟ್ಟಿದ ಬೇಸನ್ ಉಂಡಿ ತಂದು ಅಂಗಡಿಯ ಮುಂದೆ ನಿಂತಳು. "ಅದನ್ನ ಎರಡು ಸಲ ಓದಿದ್ರು, ಅಣ್ಣಾರ!" ಎನ್ನುವಾಗ ಅವಳ ಕಣ್ಣು ತುಂಬಿತ್ತು.

ಚನ್ನವೀರ ಉಂಡಿ ಬಾಯಿಗೆ ಹಾಕಿಕೊಂಡು ಯೋಚಿಸಿದ. ಅವಳು ಅತ್ತ ಹೋದ ಮೇಲೆ, ನಾನಿನ್ನೂ ಉಳಿದಿದ್ದ ಹಿಂದಿನವರ ರೆಸ್ಯೂಮುಗಳನ್ನು 'ಹಳೇದು' ಎಂಬ ಫೋಲ್ಡರಿಗೆ ನೂಕಿ, ನನ್ನ ಜಾಗದಲ್ಲಿ ಅವಳ ಮಾತನ್ನು ಕೂರಿಸಿದ.

ಮರುದಿನ ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್ ಒಬ್ಬ ಬಂದ. ಚನ್ನವೀರ ಅವಳ ವಾಕ್ಯದಲ್ಲಿ ಹುಡುಗರನ್ನು ತೆಗೆದು ಮನೆಗಳನ್ನು ಹಾಕಿದ, ಅಡುಗೆ ತೆಗೆದು ವೈರಿಂಗ್ ಹಾಕಿದ. ಇನ್ನೂರ ನಲವತ್ತು ಹಾಗೇ ಉಳಿಯಿತು.

"ಹನ್ನೆರಡು ವರ್ಷ ಎಲ್ಲಿ ಆಗೇತ್ರೀ ಅಣ್ಣ? ನನಗಿನ್ನೂ ಇಪ್ಪತ್ತೊಂದು."

"ಅದನ್ನ ಮುಟ್ಟಬ್ಯಾಡೋ, ಲಕ್ಕಿ ಐತಿ."

ಮೂಲೆಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದೇನೆ. ಬಿಡುಗಡೆಯಾಯಿತೆಂದು ಖುಷಿಪಡಲು ಮನಸ್ಸು ಬಾರದು. ನಾನು ಮೊದಲಿನಿಂದಲೂ ಟೊಳ್ಳು. ಯಾರ ಹಾಳೆಯಲ್ಲಿ ಕೂತರೂ ನಿಜವೂ ಆಗಲಿಲ್ಲ, ಸುಳ್ಳೂ ಆಗಲಿಲ್ಲ. ಅವಳದು ಹನ್ನೆರಡು ವರ್ಷ ಒಲೆಯ ಮುಂದೆ ಬೆಂದ ಮಾತು. ಅದೀಗ ದಿನಕ್ಕೆ ಹತ್ತು ಜನರ ಹೆಸರಿನ ಕೆಳಗೆ ನಿಂತು ಸುಳ್ಳು ಹೇಳುತ್ತಿದೆ. ಒಲ್ಲೆನೆನ್ನಲು ಅದಕ್ಕೆ ಬಾಯಿಲ್ಲ.