ತೆಗೆದದ್ದು ನಲವತ್ತೊಂದು ಸಲ

ತಪ್ಪು ಕಂಪ್ಯೂಟರಿನದು ಎಂದು ಹೇಳಿ ನಾನು ಕೈ ತೊಳೆದುಕೊಳ್ಳಬಹುದಿತ್ತು. ರಿಪೇರಿ ಮಾಡುವವನೇ ಹಾಗೆ ಹೇಳಿದರೆ ನಮ್ಮ ಕಡೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಆದರೆ ಆ ಕಂಪ್ಯೂಟರಿಗೆ ಕನ್ನಡ ಕಲಿಸಿದವನು ನಾನು, ತಪ್ಪಿದ್ದು ಆ ಕನ್ನಡದಲ್ಲೇ.

ನನ್ನ ಹೆಸರು ಗುರುನಾಥ. ಜೇವರ್ಗಿ ಬಸ್ ಸ್ಟ್ಯಾಂಡಿನ ಎದುರು ಅಂಗಡಿ ಇದೆ. ಅಂಗಡಿಯ ಜೊತೆಗೆ ಅಫಜಲಪುರದ ಒಂದು ಸಣ್ಣ ಟ್ರಸ್ಟಿನ ಕಂಪ್ಯೂಟರುಗಳನ್ನೂ ನೋಡಿಕೊಳ್ಳುತ್ತೇನೆ. ಟ್ರಸ್ಟಿನವರು ಆಳಂದದಿಂದ ಯಡ್ರಾಮಿಯವರೆಗೆ ಹಳ್ಳಿ ಹಳ್ಳಿ ತಿರುಗಿ, ಸೋಬಾನ ಪದ ಹಾಡುವ ಹೆಂಗಸರ ದನಿ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ಒಟ್ಟು ಅರವತ್ತನಾಲ್ಕು ಹಾಡುಗಾರ್ತಿಯರು. ಆ ಹಾಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಹೆಸರು ಹಚ್ಚಿಡುವ ಕೆಲಸ ಇಬ್ಬರದು: ಗೌಸಿಯಾಬೇಗಂ ಮತ್ತು ಗೊಬ್ಬೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಜಯಮಾಲಾ.

ಟ್ರಸ್ಟಿನ ಅಧ್ಯಕ್ಷರು ದೇವಿಂದ್ರಪ್ಪ, ನಿವೃತ್ತ ಹೆಡ್‌ಮಾಸ್ಟರ್. ಒಂದು ಸಲ ಇಜೇರಿಯ ಹಾಡುಗಳು ಬೇರೆ ಊರಿನ ಹಾಡುಗಳಲ್ಲಿ ಬೆರೆತು ಹೋದವು. ಅವರು ನನ್ನನ್ನು ಕರೆಸಿದರು.

"ಯಾವ ಫೈಲಿಗಿ ಯಾರ ಕೈ ಹಚ್ಚತಾರ ಅಂತ ನನಗ ಗೊತ್ತಾಗಬೇಕು ನೋಡು, ಗುರುನಾಥ."

ನಾನು ಕಾವಲು ಕಾಯುವ ಒಂದು ಪ್ರೋಗ್ರಾಮ್ ಹಾಕಿದೆ. ಯಾರು, ಯಾವ ಫೈಲನ್ನು, ಎಷ್ಟು ಗಂಟೆಗೆ ಮುಟ್ಟಿದರು ಎಂದು ಅದು ಬರೆದುಕೊಳ್ಳುತ್ತಿತ್ತು. ನಿಮಿಷಕ್ಕೊಂದು ಸಲ ಅವರ ಪರದೆಯ ಚಿತ್ರವನ್ನೂ ಹಿಡಿದಿಡುತ್ತಿತ್ತು. ವರದಿ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಹೆಡ್‌ಮಾಸ್ಟರಿಗೆ ಅದು ಸೇರಲಿಲ್ಲ. ಹತ್ತೇ ನಿಮಿಷದಲ್ಲಿ ಕನ್ನಡ ಶೀರ್ಷಿಕೆ ಹಾಕಿಕೊಟ್ಟೆ: ತೆಗೆದದ್ದು, ತಿದ್ದಿದ್ದು, ಅಳಿಸಿದ್ದು. ಯಾವ ಕಾಲಂ ಖಾಲಿ ಇರುತ್ತದೋ ಅದು ಕಾಣದಿರಲಿ ಎಂದು ಮರೆಮಾಡಿದೆ, ಪುಟ ಚೆಂದ ಕಾಣಬೇಕಲ್ಲ! ನನ್ನ ಸ್ವಂತ ಲಾಗಿನ್ನನ್ನು ಈ ಕಾವಲಿನಿಂದ ಹೊರಗಿಟ್ಟೆ. ಕಾವಲು ಹಚ್ಚಿದವನ ಮೇಲೆ ಯಾರ ಕಾವಲು ಎಂಬ ಸೊಕ್ಕು ಅದು, ಬೇರೇನಲ್ಲ.

ಇಬ್ಬರಿಗೂ ಒಂದು ತಾಕೀತು ಮಾಡಿದೆ. ಪೆನ್ ಡ್ರೈವ್ ಹಾಕಬಾರದು, ಫೋನ್ ಜೋಡಿಸಬಾರದು, ಒಂದು ಹಾಡೂ ಹೊರಗೆ ಹೋಗಬಾರದು. ಜಯಮಾಲಾ ತಲೆ ಅಲ್ಲಾಡಿಸಿದಳು. ಗೌಸಿಯಾಬೇಗಂ ನಕ್ಕಳು.

ಫೆಬ್ರವರಿಯ ಒಂದು ಮಧ್ಯಾಹ್ನ ಅಧ್ಯಕ್ಷರ ಫೋನ್ ಬಂತು. ಅಂಗಡಿಯಲ್ಲಿ ಅರ್ಜಿ ತುಂಬಿಸುವವರ ಗದ್ದಲ. ಒಂದು ಕಿವಿಗೆ ಫೋನ್, ಇನ್ನೊಂದು ಕಿವಿಯಲ್ಲಿ ಗಿರಾಕಿಗಳ ಕೂಗು.

"ಗೊಬ್ಬೂರಿನ ಸಕ್ಕುಬಾಯಿ ಫೈಲ್ ಕಾಣವಲ್ದಪಾ. ಯಾರ ತಗದಾರ ನೋಡು."

ಕೂತಲ್ಲಿಂದಲೇ ವರದಿ ನೋಡಿದೆ. "ಜಯಮಾಲಾ ತಗದಾಳ್ರಿ ಸರ್. ಬ್ಯಾರೆ ಯಾರೂ ಮುಟ್ಟಿಲ್ರಿ."

"ಖಾತ್ರಿ ಅದ ಏನು?"

"ಖಾತ್ರಿ ಅದರಿ. ವರದಿ ಕಳಸ್ತೇನಿ, ನೋಡ್ರಿ."

ಫೈಲು ಎಲ್ಲೋ ಬೇರೆ ಕಡೆ ಸೇರಿಕೊಂಡಿದೆ, ಕೊನೆಗೆ ತೆರೆದವಳಿಗೆ ಗೊತ್ತಿರುತ್ತದೆ ಎಂದಷ್ಟೇ ನನ್ನ ಎಣಿಕೆ. ವರದಿಯ ಪುಟ ಚೆಂದವೇ ಇತ್ತು. ಹೆಸರು: ಜಯಮಾಲಾ. ಫೈಲು: ಸಕ್ಕುಬಾಯಿ. ತೆಗೆದದ್ದು: 41. ಉಳಿದ ಕಾಲಂ ಖಾಲಿ ಇದ್ದವು, ಹಾಗಾಗಿ ಕಾಣಲಿಲ್ಲ. ಕಳಿಸಿ ಮರೆತುಬಿಟ್ಟೆ.

ಮೂರು ವಾರ ಬಿಟ್ಟು ಅಫಜಲಪುರಕ್ಕೆ ಹೋದಾಗ ಜಯಮಾಲಾಳ ಕುರ್ಚಿ ಖಾಲಿ ಇತ್ತು. ಅದರ ಮೇಲೆ ಯಾರೋ ಹಳೆಯ ಪ್ರಿಂಟರ್ ಇಟ್ಟಿದ್ದರು.

"ಜಯಮಾಲಾ ಎಲ್ಲಿ ಆಪಾ?" ಎಂದೆ.

"ಆಕಿನ್ನ ತಗದ್ರಲ್ಲ," ಅಂದಳು ಗೌಸಿಯಾಬೇಗಂ.

"ಎಲ್ಲಿಂದ?"

"ಕೆಲಸದಿಂದ. ನಿಮ್ಮ ಕಾಗದ ನೋಡೇ ತಗದಾರ. ನಿಮಗ ಖಬರ್ ಇಲ್ಲೇನ್ರಿ?"

ನಾನು ನಿಂತೇ ಇದ್ದೆ. ಅವಳು ಕೂತ ಜಾಗದಿಂದ ಏಳದೆ ನಡೆದದ್ದನ್ನೆಲ್ಲ ಹೇಳಿದಳು. ಆವತ್ತು ಅಧ್ಯಕ್ಷರು ಜಯಮಾಲಾಳನ್ನು ಕರೆದು ಕಾಗದ ಮುಂದಿಟ್ಟರಂತೆ. 'ಈ ಫೈಲ್ ನೀ ತಗದೀಯೇನವ್ವಾ?' ಎಂದು ಕೇಳಿದರಂತೆ. ಅವಳ ಮುಖ ಇಳಿದುಹೋಯಿತಂತೆ.

"'ಹೌದ್ರಿ ಸರ್, ದಿನಾ ತಗೀತಿದ್ದೆ. ತಪ್ಪಾತ್ರಿ' ಅಂದ್ಲು ನೋಡ್ರಿ. ಸಾಹೇಬ್ರು ಕಾಗದ ಮಡಚಿ ಇಟ್ರು. ಆಮ್ಯಾಲ 'ನಾಳಿಂದ ಬರಬ್ಯಾಡವ್ವಾ' ಅಂದ್ರು. ಹುಡುಗಿ ಚೀಲ ತಗೊಂಡು ಹ್ವಾದ್ಲು."

ಗೌಸಿಯಾಬೇಗಂ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಸಕ್ಕುಬಾಯಿ ಅಂದ್ರ ಆಕಿ ಅವ್ವ. ನಾವ್ ರೆಕಾರ್ಡ್ ಮಾಡ್ಕೊಂಡು ಬಂದ ಎಂಟ ದಿನಕ್ಕ ತೀರಿಕೊಂಡ್ಲು. ಫೈಲ್ ಕಾಣಿಸದಂಗ ಆದ ಮ್ಯಾಲ ಎರಡ ದಿನ ಹುಚ್ಚರಂಗ ಹುಡುಕ್ಯಾಳ ಪಾಪ. ಹೇಳಾಕೂ ಹೆದರಿಕಿ. ಕೆಲಸ ಬಿಟ್ಟು ಅವ್ವನ ಹಾಡ ಕೇಳ್ತಾಳ ಅಂತಾರಲ್ಲಾ!"

ನನ್ನ ವರದಿಯಲ್ಲಿ ಹೆಸರಿತ್ತು, ಲೆಕ್ಕ ಇತ್ತು. ಅವ್ವ ಎಂದು ಎಲ್ಲೂ ಇರಲಿಲ್ಲ. ನೇರ ಅಧ್ಯಕ್ಷರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ನೊಂದುಕೊಂಡೇ ಮಾತಾಡಿದರು.

"ನಲವತ್ತೊಂದು ಸಲ ಪ್ರಯತ್ನ ಮಾಡಿ ಕಡೀಗಿ ತಗದಾಳಪಾ. ಸತ್ತ ತಾಯಿ ದನಿ ಊರವರೆಲ್ಲ ಕೇಳಬಾರದು ಅಂತ ಅನಿಸಿರಬೇಕು. ಬಾಯಿ ಬಿಟ್ಟು ಹೇಳಿದ್ರ ನಾನ ಒಪ್ಪತಿದ್ದೆ. ಕದ್ದು ಮಾಡೂದು ಯಾಕ?"

"ಸರ್, ತಗದಾಳ ಅಂದ್ರ ತೆರೆದಾಳ ಅಂತ್ರಿ. ಬಾಗಲಾ ತಗದಂಗ. ಅಳಿಸಿಲ್ರಿ ಆಕಿ. ತೆರೆದು ಕೇಳ್ಯಾಳ, ಅಷ್ಟ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಮನುಷ್ಯ. "ಮತ್ತ ಅಳಿಸಿದವರು ಯಾರು?" ಎಂದರು.

ಆ ಪ್ರಶ್ನೆಗೆ ಉತ್ತರ ಜಯಮಾಲಾ ಬಿಟ್ಟುಹೋಗಿದ್ದ ನೋಟ್‌ಬುಕ್ಕಿನಲ್ಲಿತ್ತು. ಗೌಸಿಯಾಬೇಗಂ ತಂದುಕೊಟ್ಟಳು. ಪ್ರತಿ ಹಾಡಿನ ಮುಂದೆ ದುಂಡಗಿನ ಅಕ್ಷರದಲ್ಲಿ ಒಂದು ಟಿಪ್ಪಣಿ. 'ಸಕ್ಕುಬಾಯಿ, ಗೊಬ್ಬೂರ. ಗದ್ದಲ ಇದೆ. ಮತ್ತೊಮ್ಮೆ ರೆಕಾರ್ಡ್ ಆಗಲಿಲ್ಲ.'

ಗದ್ದಲ ಎಂಬ ಪದ ನೋಡಿದ್ದೇ ನನಗೆ ಎಲ್ಲ ನೆನಪಾಯಿತು. ಆ ಫೋನ್ ಬರುವುದಕ್ಕೆ ಮೂರು ದಿನ ಮುಂಚೆ ಡಿಸ್ಕ್ ತುಂಬಿದೆ ಎಂದು ಕಂಪ್ಯೂಟರ್ ರಗಳೆ ತೆಗೆದಿತ್ತು. ತುಂಬಿದ್ದು ಹಾಡುಗಳಿಂದಲ್ಲ. ನಾನು ಹಚ್ಚಿದ ಕಾವಲು ನಿಮಿಷಕ್ಕೊಂದರಂತೆ ಹಿಡಿದಿಟ್ಟ ಚಿತ್ರಗಳಿಂದ. ಜಾಗ ಮಾಡಬೇಕಿತ್ತು, ಪುರಾವೆಯಾದ ಆ ಚಿತ್ರಗಳನ್ನು ಅಳಿಸಲು ಮನಸ್ಸು ಬರಲಿಲ್ಲ. ಸದ್ದು ಕೆಟ್ಟ ಹಾಡುಗಳ ಫೈಲಿನ ವಿವರದಲ್ಲಿ 'ಗದ್ದಲ' ಎಂದು ಸೇರಿಸಿದ್ದು ಕಂಡಿತು. ಅವನ್ನು ಎರಡನೇ ಸಲ ಚೊಕ್ಕವಾಗಿ ರೆಕಾರ್ಡ್ ಮಾಡಿದ್ದಾರೆ ಎಂದು ಕೇಳಿದ್ದೆ. ಆ ಪದವನ್ನು ಹುಡುಕಿದೆ, ಹದಿನೇಳು ಫೈಲು ಬಂದವು, ಹದಿನೇಳನ್ನೂ ಒಂದೇ ಏಟಿಗೆ ಅಳಿಸಿದೆ. ಹೆಸರು ಓದಲಿಲ್ಲ. ಹದಿನಾರಕ್ಕೆ ಚೊಕ್ಕ ಪ್ರತಿ ಇತ್ತು. ಒಂದಕ್ಕೆ ಇರಲಿಲ್ಲ. ನನ್ನ ಲಾಗಿನ್ನಿಗೆ ಕಾವಲಿರಲಿಲ್ಲವಾದ್ದರಿಂದ ಅದು ಎಲ್ಲೂ ದಾಖಲಾಗಲಿಲ್ಲ.

"ನಾನ್ರಿ ಸರ್," ಎಂದೆ.

ಎರಡು ದಿನ ಅಲ್ಲೇ ಕೂತು, ಅಳಿಸಿದ್ದನ್ನು ಮರಳಿ ಪಡೆಯುವ ನನಗೆ ಗೊತ್ತಿದ್ದ ದಾರಿಗಳನ್ನೆಲ್ಲ ತುಳಿದೆ. ಫೈಲಿನ ಹೆಸರು ಸಿಕ್ಕಿತು. ಒಳಗೆ ಏನೂ ಉಳಿದಿರಲಿಲ್ಲ. ಸಕ್ಕುಬಾಯಿಯ ದನಿ ಇದ್ದ ಜಾಗದ ಮೇಲೆ ನನ್ನ ಕಾವಲಿನ ಹೊಸ ಚಿತ್ರಗಳು ಕೂತಿದ್ದವು. ನನಗೆ ನನ್ನ ಮೇಲೆಯೇ ಹೇಸಿಗೆ ಬಂತು.

ಕೊನೆಗೆ ಆ ಹಳೆಯ ಚಿತ್ರಗಳನ್ನೇ ನೋಡುತ್ತ ಹೋದೆ. ನಲವತ್ತೊಂದು ದಿನ, ಬೆಳಗಿನ ಒಂಬತ್ತು ನಲವತ್ತಕ್ಕೆ. ಕೆಲಸ ಶುರುವಾಗುವುದು ಹತ್ತಕ್ಕೆ. ಅವಳು ಕೆಲಸದ ಹೊತ್ತು ಕದ್ದೇ ಇರಲಿಲ್ಲ! ದನಿ ಕತ್ತರಿಸಿ ಜೋಡಿಸುವ ಪ್ರೋಗ್ರಾಮಿನಲ್ಲಿ ಹಾಡು ಏರಿಳಿಯುವ ನೀಲಿ ಗೆರೆಯಾಗಿ ಕಾಣುತ್ತದೆ. ದಿನವೂ ಅದೇ ಗೆರೆ. ದಿನವೂ ಅವಳ ಕರ್ಸರಿನ ಗುರುತು ಗೆರೆಯ ತುದಿಗೆ ಹತ್ತಿರ, ಒಂದೇ ಜಾಗದಲ್ಲಿ ನಿಂತಿತ್ತು. ಅಲ್ಲಿ ಗೆರೆ ಸ್ವಲ್ಪ ಹೊತ್ತು ಚಪ್ಪಟೆಯಾಗಿ, ಆಮೇಲೆ ಒಮ್ಮೆಲೇ ಎದ್ದು ನಿಂತಿತ್ತು. ಒಂದು ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಕೊಂಡೆ. ಯಾಕೆಂದು ಆಗ ನನಗೂ ಗೊತ್ತಿರಲಿಲ್ಲ.

ಕ್ಷಮೆ ಕೇಳಿ, ಮರಳಿ ಬಾ ಎಂದು ಅಧ್ಯಕ್ಷರು ತಮ್ಮ ಕೈಯಾರೆ ಪತ್ರ ಬರೆದುಕೊಟ್ಟರು. ಅದನ್ನೂ ಪ್ರಿಂಟನ್ನೂ ಹಿಡಿದು ಗೊಬ್ಬೂರಿಗೆ ಹೋದೆ. ಜಯಮಾಲಾ ಮನೆಯ ಮುಂದೆ, ತೊಗರಿ ಕಟ್ಟಿಗೆಯ ರಾಶಿಯ ನೆರಳಲ್ಲಿ ಕೂತು ತೊಗರಿ ಕೇರುತ್ತಿದ್ದಳು. ನನ್ನನ್ನು ನೋಡಿ ಎದ್ದು, ಕೂಡಲು ಚಾಪೆ ಹಾಕಿ, ಒಳಗೆ ಹೋಗಿ ನೀರು ತಂದಳು. ನೀರು ಕುಡಿಯದೆ ಚೊಂಬನ್ನು ಪಕ್ಕಕ್ಕಿಟ್ಟೆ.

"ಜಯಮಾಲಾ, ನಿಮ್ಮ ಅವ್ವನ ಫೈಲ್ ಅಳಿಸಿದಾಂವ ನಾನವ್ವಾ," ಎಂದೆ. ಈ ಸಲ ಪದವನ್ನು ಆರಿಸಿಕೊಂಡೇ ಆಡಿದೆ. ನಡೆದದ್ದನ್ನೆಲ್ಲ ಹೇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಗದ್ದಲ ಅಂತ ಬರದಾಕಿ ನಾನೇ ಅಲ್ರಿ ಅಣ್ಣಾ," ಎಂದಳು.

"ಇನ್ನೆಲ್ಲೂ ಇಲ್ಲೇನವ್ವಾ ಆ ದನಿ? ಫೋನಿನ್ಯಾಗರ?"

"ಫೋನಿನ್ಯಾಗ ಫೋಟೋ ಅದಾವ್ರಿ. ದನಿ ಇಲ್ಲ. ಒಂದ ಸಲ ಹಾಕ್ಕೋಬೇಕು ಅನಸಿತ್ತು. ಫೋನ್ ಜೋಡಸಬಾರದು ಅಂತ ನೀವು ಹೇಳಿದ್ರಲ್ಲ, ಅದಕ್ಕ ಬಿಟ್ಟೆ."

ಪ್ರಿಂಟನ್ನು ಅವಳ ಮುಂದೆ ಹಿಡಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ನೋಡಿದ ಕೂಡಲೇ ಗುರುತು ಹಿಡಿದಳು. ಬೆರಳನ್ನು ಗೆರೆಯ ಮೊದಲಿಗಿಟ್ಟು ನಿಧಾನ ಸರಿಸುತ್ತ ಹೋದಳು.

"ಇಲ್ಲೀತನ ಹಾಡು. ಗೌಸಿಯಾ ಆಪಾ ಮುಂದ ರೆಕಾರ್ಡರ್ ಹಿಡಕೊಂಡು ಕುಂತಿದ್ರು. ನಾ ಒಳಗ ಚಾ ಮಾಡಾಕತ್ತಿದ್ದೆ. ಇಲ್ಲಿ ಉಸರ ತಗೊಂಡಾಳ. ಇಲ್ಲಿ ಯಾರೋ ಬಾಗಲಾ ಬಡೀತಾರ."

ಗೆರೆ ಎದ್ದು ನಿಂತಲ್ಲಿ ಬೆರಳು ನಿಂತಿತು. ಅವಳ ಬಾಯಿಂದ ಅವಳದಲ್ಲದ, ವಯಸ್ಸಾದ, ಕಟುವಾದ ಒಂದು ದನಿ ಬಂತು.

"ಜಯಾ, ಬಾಗಲಾ ತಗಿ ಬೇ!"

ಒಳಗೆ ಕಟ್ಟಿದ್ದ ಆಡು ತಲೆಯೆತ್ತಿ ನೋಡಿತು. ಜಯಮಾಲಾ ಕಾಗದ ನೋಡುತ್ತಲೇ ಇದ್ದಳು.

"ಇದೇ ಗದ್ದಲರಿ ಅಣ್ಣಾ. ಇಷ್ಟೇ. ದಿನಾ ಇದನ್ನ ಕೇಳಿ ಕೆಲಸಕ್ಕ ಕುಂದರತಿದ್ದೆ."

ನಾನು ಅತ್ತೆ. ಮುಚ್ಚಿಡುವುದೇನಿದೆ? ಅಂಗಳದಲ್ಲಿ ಪರರ ಮಗಳ ಮುಂದೆ ಕೂತು ಅತ್ತೆ. ಅವಳೇ ಚೊಂಬನ್ನು ನನ್ನ ಕಡೆ ಸರಿಸಿದಳು.

ಎದ್ದು ಹೊರಡುವಾಗ ಪತ್ರ ನೆನಪಾಯಿತು. "ಸಾಹೇಬ್ರು ಭಾಳ ನೊಂದಾರ. ನಾಳಿಂದನ ಬಾ ಅಂತ ಹೇಳ್ಯಾರ," ಎಂದೆ.

ಅವಳು ಪತ್ರವನ್ನು ಎರಡು ಸಲ ಓದಿದಳು. ಮಡಿಚಿ ನನ್ನ ಕೈಗೇ ಕೊಟ್ಟಳು.

"ಅವರ ಮ್ಯಾಲ ಸಿಟ್ಟಿಲ್ಲ ಅಂತ ಹೇಳ್ರಿ. ಆದ್ರ ಅಲ್ಲಿ ಬಂದು ಇನ್ನ ಏನ ತಗೀಲಿ ಅಣ್ಣಾ?"

ಆ ಗೆರೆಯ ಕಾಗದವನ್ನು ಮಾತ್ರ ಅವಳು ವಾಪಸು ಕೊಡಲಿಲ್ಲ. ನಾನೂ ಕೇಳಲಿಲ್ಲ.