ಈರಪ್ಪನ ಮಣ್ಣು ಪರೀಕ್ಷೆ

ಹುನಗುಂದದ ಹತ್ತಿರ, ನಮ್ಮ ಹೊಲದ ಪಕ್ಕದ ಎಂಟು ಎಕರೆ ಕಪ್ಪು ಎರೆ ಭೂಮಿ ಈರಪ್ಪನದು. ಹೆಸರಿಗೆ ಮಾತ್ರ ಅವನದು ಅನ್ನಿ. ಯೂರಿಯಾ ಚೀಲ ಕಂಡರೆ ಅವನ ಮುಖ ಅರಳುತ್ತಿತ್ತು. ಹೆಂಡತಿ ಗುರುಲಿಂಗವ್ವನಿಗೆ ತಿಪ್ಪೆ ಗೊಬ್ಬರವೇ ಆಗಬೇಕು. ಜಗಳ ಬೇಡವೆಂದು 2000ದಲ್ಲಿ ನಡುವೆ ಬದು ಹಾಕಿ ತಲಾ ನಾಲ್ಕು ಎಕರೆ ಹಂಚಿಕೊಂಡರು. ಜಗಳ ಬದುವಿನ ಮೇಲೆ ಕೂತು ಮುಂದುವರಿಯಿತು.

2006ರ ಸುಗ್ಗಿಯಲ್ಲಿ ಅವಳ ಕಡೆ ಇಪ್ಪತ್ತೆರಡು ಚೀಲ ಬಿಳಿಜೋಳ, ಅವನ ಕಡೆ ಹದಿಮೂರು.

“ಮಳಿ ನಿನ್ನ ಕಡೇನ ಜಾಸ್ತಿ ಆತು” ಎಂದ ಈರಪ್ಪ. ಬದುವಿನ ಅಗಲ ಒಂದು ಮೊಳ. ಮಳೆ ಅದನ್ನು ನೋಡಿಕೊಂಡು ಸುರಿಯಿತಂತೆ!

ಕೊನೆಗೆ ಇಬ್ಬರ ಮಣ್ಣನ್ನೂ ಬಾಗಲಕೋಟೆಗೆ ಪರೀಕ್ಷೆಗೆ ಕಳಿಸುವುದೆಂದಾಯಿತು. ಯಾರ ಮಣ್ಣು ಗೆಲ್ಲುತ್ತದೋ ಎಂಟೂ ಎಕರೆಗೆ ಅವರದೇ ಗೊಬ್ಬರ.

ಗುರುಲಿಂಗವ್ವ ಅಮೀನಗಡದ ಸಂತೆಗೆ ಹೋದ ದಿನ ಈರಪ್ಪ ಬದು ದಾಟಿದ. ಅವಳ ಹೊಲದ ಮಣ್ಣನ್ನೇ ಅಗೆದು ತನ್ನ ಚೀಲಕ್ಕೆ ತುಂಬಿ, ತನ್ನ ಹೆಸರಿನ ಚೀಟಿ ಹಾಕಿ ಕಟ್ಟಿದ. ಸೋಲದಿದ್ದರೆ ಸಾಕಿತ್ತು ಅವನಿಗೆ. ನಾನು ಕಂಡೂ ಸುಮ್ಮನಿದ್ದೆ. ಯೂರಿಯಾ ಪಕ್ಷದಲ್ಲಿ ನಾನೂ ಇದ್ದೆನಲ್ಲ!

ತಿಂಗಳಾದ ಮೇಲೆ ಕೃಷಿ ಇಲಾಖೆಯ ಶಿವಪ್ರಕಾಶ ವರದಿ ಹಿಡಿದು ಬಂದರು. ಗುಡಿಯ ಕಟ್ಟೆಯಲ್ಲಿ ಅರ್ಧ ಊರೇ ಸೇರಿತ್ತು.

“ಇಬ್ಬರ ಮಣ್ಣೂ ಭಾಳ ಚಲೋ ಐತ್ರಿ. ಇಂಗಾಲ ಸರಿಸಮ ಐತಿ. ಇಂಗಾಲ ಇದ್ದ ಮಣ್ಣು ಹಸಿ ಹಿಡೀತೈತಿ, ಪೀಕು ಕೊಡತೈತಿ.”

ಈರಪ್ಪ ಮೀಸೆ ತಿರುವಿದ. ಸಾಹೇಬರು ತಲೆ ಕೆರೆದುಕೊಂಡರು.

“ಆದ್ರ ಈರಪ್ಪಾರ, ಇಂಥಾ ಮಣ್ಣಾಗ ನಿಮಗ ಹದಿಮೂರ ಚೀಲ ಯಾಕ ಬಂತು? ಮಣ್ಣಿನ ತಪ್ಪಲ್ಲ, ಗೊಬ್ಬರದ ತಪ್ಪೂ ಅಲ್ಲ. ದುಡಿಯೋರ ತಪ್ಪ ಇರಬೇಕು.”

ಕಟ್ಟೆ ಗೊಳ್ಳೆಂದಿತು. ಮೂವತ್ತು ವರ್ಷದಿಂದ ಹೊತ್ತು ಹುಟ್ಟುವ ಮೊದಲೇ ಹೊಲದಲ್ಲಿರುತ್ತಿದ್ದವನು ಈರಪ್ಪ. ಅವನ ಕಣ್ಣು ತುಂಬಿದ್ದು ಕಂಡು ನನಗೇ ಪಾಪ ಅನ್ನಿಸಿತು.

“ಕಳ್ಳ ಅನ್ರಿ ಬೇಕಾದ್ರ, ಸೋಮಾರಿ ಅನಬ್ಯಾಡ್ರಿ! ಆ ಮಣ್ಣ ಇಕೀ ಹೊಲದ್ದರಿ!” ಎಂದು ಕೂಗಿಯೇಬಿಟ್ಟ.

ಗುರುಲಿಂಗವ್ವ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು.

“ಹೊಲದಾಗ ಕುಣಿ ಕಂಡು ಹಂದಿ ಅಗದಾವ ಅಂತ ಹದಿನೈದ ದಿನ ಕಾವಲ ಕುಂತೇನ್ರಿ ನಾ. ನಡೀರಿ, ಚಕ್ಕಡಿ ಹೂಡ್ರಿ. ಎಂಟ ಎಕರೆಕ್ಕ ತಿಪ್ಪಿ ಹೇರಬೇಕು.”