ಎಲೆ ಪಾತ್ರೆಗೆ, ಬೇರು ಮಣ್ಣಿಗೆ

ನನ್ನ ಸೊಸೆ ಟೈಲರ್. ಐದು ತಿಂಗಳ ಬಸುರಿಯಾಗಿದ್ದಾಗ ದಿನವೆಲ್ಲ ಮಿಷನ್ ತುಳಿದು ಸೊಂಟನೋವು ಹಿಡಿಯಿತು. ಅವಳು "ಅಯ್ಯೋ" ಅಂದರೆ ಮೂರು ಬೀದಿಯ ನಾಯಿಗಳು ಬೊಗಳುತ್ತಿದ್ದವು.

ನಮ್ಮ ಹಿತ್ತಲಲ್ಲಿ ನುಗ್ಗೆಮರವಿದೆ. ಅದರ ಸೊಪ್ಪು ಹಾಕಿಯೇ ನಾಲ್ಕು ಮಕ್ಕಳನ್ನು ಬೆಳೆಸಿದವಳು ನಾನು. ಸೊಪ್ಪೇ ಇಷ್ಟು ಒಳ್ಳೆಯದಾದರೆ ಬೇರು ಇನ್ನೆಷ್ಟು ಒಳ್ಳೆಯದಿರಬೇಕು! ಅರ್ಧ ಹಿತ್ತಲು ಅಗೆದೆ. ಬೇರಿನ ತೊಗಟೆ ಕುದಿಸಿ ಕಷಾಯ ಮಾಡಿದೆ. ನೆಕ್ಕಿ ನೋಡಿದರೆ ಕಿವಿಯಲ್ಲಿ ಹೊಗೆ ಬಂತು. ಬೆಲ್ಲ ಹಾಕೋಣವೆಂದರೆ ಡಬ್ಬಿ ಖಾಲಿ.

ಲೋಟವನ್ನು ಸೊಸೆಯ ಮುಂದಿಟ್ಟು ಪಕ್ಕದ ಮನೆಯ ನರ್ಸಮ್ಮನ ಬಾಗಿಲು ತಟ್ಟಿದೆ.

"ಒಂದು ಉಂಡೆ ಬೆಲ್ಲ ಕೊಡಮ್ಮ."

"ಏನಜ್ಜಿ, ಪಾಯಸನಾ?"

"ಪಾಯಸ ಎಲ್ಲಿಂದ ಬರ್ಬೇಕು! ನುಗ್ಗೆ ಬೇರಿನ ಕಷಾಯಕ್ಕೆ. ಸೊಸೆಗೆ ಸೊಂಟನೋವು."

ಅವಳ ಮುಖ ಬಿಳಿಚಿಕೊಂಡಿತು. "ಕುಡಿದುಬಿಟ್ಲಾ?"

"ಯಾಕಮ್ಮ? ನುಗ್ಗೆ ತಿನ್ನಿಸಿ ಅಂತ ನೀನೇ ಹೇಳಿದ್ದಲ್ವಾ?"

"ಸೊಪ್ಪು ಬೇಯಿಸಿ ಊಟಕ್ಕೆ ಹಾಕಿ ಅಂದೆ ಅಜ್ಜಿ. ಬೇರು, ತೊಗಟೆ ಬಸುರಿಗೆ ಕೊಡಲೇಬಾರದು. ಗರ್ಭ ನಿಲ್ಲದೆ ಹೋಗಬಹುದು. ನಡೀರಿ ಬೇಗ!"

ಈ ವಯಸ್ಸಲ್ಲಿ ನಾನು ಓಡಿದ ಓಟ ನೋಡಿದ್ದರೆ ಮೊಲ ನಾಚಿಕೊಳ್ಳುತ್ತಿತ್ತು. ಒಳಗೆ ಬಂದರೆ ಲೋಟ ಖಾಲಿ!

"ಕುಡಿದ್ಯೇನೇ?"

ಸೊಸೆ ತಲೆ ತಗ್ಗಿಸಿದಳು. "ಬೈಬೇಡಿ ಅತ್ತೆ. ಆ ವಾಸನೆಗೇ ಹೊಟ್ಟೆ ತೊಳಸ್ತು. ಬಚ್ಚಲಿಗೆ ಸುರಿದುಬಿಟ್ಟೆ. ಒಂದು ಗುಟುಕೂ ಕುಡಿದಿಲ್ಲ."

ನನಗೆ ಅಳುವೂ ಬಂತು, ನಗುವೂ ಬಂತು. "ಮದುವೆಯಾದಾಗಿಂದ ನೀನು ನನ್ನ ಮಾತು ಕೇಳಿದ್ದೇ ಇಲ್ಲ. ಇನ್ನು ಮುಂದೆಯೂ ಕೇಳಬೇಡ ಕಣೇ!"

ನರ್ಸಮ್ಮ ಸೊಸೆಗೆ ಹೇಳಿದಳು: "ಆಗಾಗ ಮಿಷನ್ ಬಿಟ್ಟು ಎದ್ದು ಓಡಾಡು. ನಾಳೆ ಆಸ್ಪತ್ರೆಗೆ ಬಂದು ತೋರಿಸು." ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗ್ತೀರಲ್ಲ ಅಜ್ಜಿ, ನುಗ್ಗೆಸೊಪ್ಪಿನ ಪುಡಿ ಗಿಡಿ ಅಂತ ಶುರು ಮಾಡೋ ಮುಂಚೆ ಡಾಕ್ಟರನ್ನ ಕೇಳಿ. ಎರಡೂ ಸೇರಿದ್ರೆ ಸಕ್ಕರೆ ತೀರಾ ಇಳಿದುಬಿಡಬಹುದು."

ಈಗ ಮೊಮ್ಮಗಳು ಹುಟ್ಟಿದ್ದಾಳೆ. ಅವಳು ಅತ್ತರೆ ಹೆಂಚು ಹಾರುತ್ತವೆ. ಆ ಅಳು ಕೇಳಿದಾಗಲೆಲ್ಲ ನಾನು ಬಚ್ಚಲಿಗೊಂದು ಕೈ ಮುಗಿಯುತ್ತೇನೆ.

ಅಕ್ಕತಂಗಿಯರೇ, ನುಗ್ಗೆಮರ ಒಳ್ಳೆಯದೇ. ಸೊಪ್ಪು ಬೇಯಿಸಿ ತಿನ್ನಿ. ಬೇರು, ತೊಗಟೆ ಬಸುರಿಯ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಕಷಾಯಕ್ಕೆ ಒಲೆ ಹಚ್ಚುವ ಮೊದಲೇ ನಿಮ್ಮ ನರ್ಸಮ್ಮನನ್ನು ಕೇಳಿ. ಮನೆಯಲ್ಲಿ ಬೆಲ್ಲ ಮುಗಿಯುವವರೆಗೆ ಕಾಯಬೇಡಿ.